ಗುಳ್ಳೆಗಳ ಮೈ ಅಳೆದ ಪ್ರೊಫೆಸರ್: ಎಂ. ಎಂ. ಶರ್ಮಾ

ಪ್ರೊ. ಮನ್ ಮೋಹನ್ ಶರ್ಮಾ ಅವರ ಹೆಸರು ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಹಿಂದೆಯೇ ಒಂದು ಪಟ್ಟಿಯೂ ಬರುತ್ತದೆ. 1937ರಲ್ಲಿ ಜೋಧಪುರದಲ್ಲಿ ಹುಟ್ಟು, 27ನೇ ವಯಸ್ಸಿಗೇ ಬಾಂಬೆ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್, 1973ರಲ್ಲಿ ಭಟ್ನಾಗರ್ ಪ್ರಶಸ್ತಿ, 1987ರಲ್ಲಿ ಪದ್ಮಭೂಷಣ, 1990ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ, 2001ರಲ್ಲಿ ಪದ್ಮವಿಭೂಷಣ. ರಾಯಲ್ ಸೊಸೈಟಿಗೆ ಆಯ್ಕೆಯಾದ ಮೊದಲ ಭಾರತೀಯ ಎಂಜಿನಿಯರ್ ಎಂದೂ ಸೇರಿಸುತ್ತಾರೆ. ಹಡಗು ಎಂಜಿನಿಯರ್ ಅರ್ದೇಶೀರ್ ಕರ್ಸೆಟ್‌ಜಿ ವಾಡಿಯಾ 1841ರಲ್ಲೇ ಆ ಗೌರವ ಪಡೆದಿದ್ದರು. ಆದ್ದರಿಂದ 'ಮೊದಲ ಭಾರತೀಯ ಕೆಮಿಕಲ್ ಎಂಜಿನಿಯರ್' ಎಂದರೆ ಸರಿಹೋಗುತ್ತದೆ. 2025ರಲ್ಲಿ ಮುಕೇಶ್ ಅಂಬಾನಿ ಗುರುದಕ್ಷಿಣೆ ಎಂದು ಅವರ ಸಂಸ್ಥೆಗೆ 151 ಕೋಟಿ ರೂಪಾಯಿ ಘೋಷಿಸಿದ ಮೇಲಂತೂ ಆ ಸುದ್ದಿಯ ಮುಂದೆ ಉಳಿದದ್ದೆಲ್ಲ ಮಸುಕಾಯಿತು.

ಇಷ್ಟನ್ನೂ ಓದಿದವರಿಗೆ ಶರ್ಮಾ ನಿಜಕ್ಕೂ ಮಾಡಿದ ಕೆಲಸ ಯಾವುದು ಎಂದು ಮಾತ್ರ ತಿಳಿಯುವುದಿಲ್ಲ. 'ಮಾಸ್ ಟ್ರಾನ್ಸ್‌ಫರ್ ವಿತ್ ಕೆಮಿಕಲ್ ರಿಯಾಕ್ಷನ್' ಎಂಬ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆ ಸಾಲಿನ ಒಳಗೆ ಏನಿದೆ ಎಂಬುದೇ ಈ ಬರಹದ ವಿಷಯ. ನನ್ನ ಅಭಿಪ್ರಾಯದಲ್ಲಿ ಅವರ ವೃತ್ತಿಯುದ್ದಕ್ಕೂ ಹರಿದ ಯೋಚನೆ ಒಂದೇ: ಭೌತಿಕ ವಿಧಾನ ಎಲ್ಲಿ ಕೈಕೊಡುತ್ತದೋ ಅಲ್ಲಿ ಒಂದು ರಾಸಾಯನಿಕ ಕ್ರಿಯೆಯನ್ನು ದುಡಿಸಿಕೊಳ್ಳುವುದು. ಅಳತೆಗೂ ಅದೇ, ಬೇರ್ಪಡಿಸುವುದಕ್ಕೂ ಅದೇ.

ಮೊದಲು ಸಮಸ್ಯೆ ನೋಡೋಣ. ಎತ್ತರದ ಒಂದು ಕೊಳವೆಯಲ್ಲಿ ದ್ರವ ತುಂಬಿ ಕೆಳಗಿನಿಂದ ಅನಿಲ ಊದಿದರೆ ಅದು ಬಬಲ್ ಕಾಲಮ್. ರಸಗೊಬ್ಬರ ಕಾರ್ಖಾನೆಯಿಂದ ಔಷಧ ಕಾರ್ಖಾನೆಯವರೆಗೆ ಎಲ್ಲೆಡೆ ಇದರ ಒಂದಲ್ಲ ಒಂದು ರೂಪ ಇದೆ. ಅನಿಲ ದ್ರವಕ್ಕೆ ಇಳಿಯುವ ವೇಗ ಎರಡು ಸಂಗತಿಗಳ ಗುಣಲಬ್ಧ: ಒಂದು ಚದರ ಮೀಟರ್ ಮೇಲ್ಮೈಯನ್ನು ಅನಿಲ ಎಷ್ಟು ಬೇಗ ದಾಟುತ್ತದೆ ಎಂಬುದು ಒಂದು, ಒಂದು ಘನ ಮೀಟರ್ ಕಾಲಮ್ಮಿನಲ್ಲಿ ಅಂಥ ಮೇಲ್ಮೈ ಎಷ್ಟಿದೆ ಎಂಬುದು ಇನ್ನೊಂದು. ಮೊದಲನೆಯದು ಮಾಸ್ ಟ್ರಾನ್ಸ್‌ಫರ್ ಗುಣಾಂಕ, ಎರಡನೆಯದು ಸಂಪರ್ಕ ವಿಸ್ತೀರ್ಣ. ಗುಣಲಬ್ಧವನ್ನು ಅಳೆಯುವುದು ಸುಲಭ. ಎರಡನ್ನೂ ಬಿಡಿಸಿ ನೋಡುವುದು ಕಷ್ಟ. ಬಿಡಿಸದೆ ಇದ್ದರೆ ಸಣ್ಣ ಕಾಲಮ್ಮಿನ ಅಂಕಿಯನ್ನು ದೊಡ್ಡದಕ್ಕೆ ಒಯ್ಯುವಾಗ ಯಾವುದು ಬದಲಾಯಿತು ಎಂದು ಗೊತ್ತಾಗುವುದಿಲ್ಲ.

ಫೋಟೊ ತೆಗೆದು ಗುಳ್ಳೆ ಎಣಿಸಬಹುದಲ್ಲ? ಗಾಜಿನ ಗೋಡೆಯ ಪಕ್ಕದ ಗುಳ್ಳೆಗಳು ಕಾಣುತ್ತವೆ, ನಡುವಿನವು ಕಾಣುವುದಿಲ್ಲ. ಅನಿಲದ ಪಾಲು 15 ಪ್ರತಿಶತ ದಾಟಿದರೆ ಒಳಗೆಲ್ಲ ಹಾಲಿನಂತೆ ಬೆಳ್ಳಗೆ. ಬೆಳಕು ಹಾಯಿಸಿ ಚದುರಿದ್ದನ್ನು ಅಳೆಯುವ ವಿಧಾನವೂ ಒಂದು ಮಿತಿಯ ನಂತರ ಸೋಲುತ್ತದೆ. ಸರಾಸರಿ ವ್ಯಾಸ ಗೊತ್ತಿದ್ದರೆ ಲೆಕ್ಕ ಸರಳವೇ: ಅನಿಲದ ಪಾಲನ್ನು 6ರಿಂದ ಗುಣಿಸಿ ಗುಳ್ಳೆಯ ವ್ಯಾಸದಿಂದ ಭಾಗಿಸಬೇಕು. ಅನಿಲದ ಪಾಲು 0.15, ವ್ಯಾಸ 5 ಮಿಲಿಮೀಟರ್ ಆದರೆ ಘನ ಮೀಟರಿಗೆ 180 ಚದರ ಮೀಟರ್. ಆದರೆ ಆ 5 ಮಿಲಿಮೀಟರನ್ನು ನಂಬುವುದು ಹೇಗೆ ಎಂಬುದೇ ಪ್ರಶ್ನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರ್. ಕುಮಾರ್ ಮತ್ತು ಎನ್. ಆರ್. ಕುಳೂರ್ ಇದೇ ಗುಳ್ಳೆಯನ್ನು ಇನ್ನೊಂದು ತುದಿಯಿಂದ ಹಿಡಿದಿದ್ದರು. ರಂಧ್ರದ ಬಾಯಲ್ಲಿ ಗುಳ್ಳೆ ಹೇಗೆ ಊದಿಕೊಂಡು ಕಳಚುತ್ತದೆ ಎಂಬ ಬಗ್ಗೆ 1970ರಲ್ಲಿ ಬಂದ ಅವರ ದೀರ್ಘ ಲೇಖನ ಇಂದಿಗೂ ಉಲ್ಲೇಖವಾಗುತ್ತದೆ. ಆದರೆ ರಂಧ್ರ ಬಿಟ್ಟ ಮೇಲೆ ಗುಳ್ಳೆಗಳು ಒಡೆಯುತ್ತವೆ, ಕೂಡಿಕೊಳ್ಳುತ್ತವೆ. ಕಾಲಮ್ಮಿನ ಮೇಲುಭಾಗದಲ್ಲಿರುವ ಗುಳ್ಳೆಗೂ ಹುಟ್ಟಿದ ಗುಳ್ಳೆಗೂ ಸಂಬಂಧವೇ ಉಳಿದಿರುವುದಿಲ್ಲ.

ಶರ್ಮಾ ಇದಕ್ಕೆ ಉತ್ತರ ಕಲಿತದ್ದು ಕೇಂಬ್ರಿಜ್‌ನಲ್ಲಿ, ಪೀಟರ್ ಡ್ಯಾಂಕ್‌ವರ್ಟ್ಸ್ ಅವರ ಬಳಿ. ಡ್ಯಾಂಕ್‌ವರ್ಟ್ಸ್ ಅವರದು ಬೇರೆಯೇ ಒಂದು ಕಥೆ. 1940ರಲ್ಲಿ ಲಂಡನ್ ಮೇಲೆ ಪ್ಯಾರಾಶೂಟಿನಲ್ಲಿ ಇಳಿದು ಸಿಡಿಯದೆ ಉಳಿದ ಮೈನುಗಳನ್ನು ನಿಷ್ಕ್ರಿಯಗೊಳಿಸಿ ಜಾರ್ಜ್ ಕ್ರಾಸ್ ಪದಕ ಪಡೆದವರು. ಯುದ್ಧ ಮುಗಿದ ಮೇಲೆ ಅಮೆರಿಕದ ಎಂಐಟಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಕಲಿತು, 1951ರಲ್ಲಿ 'ಸರ್ಫೇಸ್ ರಿನ್ಯೂವಲ್' ಸಿದ್ಧಾಂತ ಮುಂದಿಟ್ಟರು. ದ್ರವದ ಮೇಲ್ಮೈ ನಿಂತ ಪದರವಲ್ಲ, ಒಳಗಿನಿಂದ ಹೊಸ ದ್ರವ ಬಂದು ಹಳೆಯದನ್ನು ತಳ್ಳುತ್ತಲೇ ಇರುತ್ತದೆ ಎಂಬುದು ಅದರ ತಿರುಳು. ಶರ್ಮಾ ಬಾಂಬೆ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗವಾದ ಯುಡಿಸಿಟಿಯಲ್ಲಿ 1958ರಲ್ಲಿ ಪದವಿ, 1960ರಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಕೇಂಬ್ರಿಜ್‌ಗೆ ಹೋದರು, 1964ರಲ್ಲಿ ಪಿಎಚ್‌ಡಿ. ಕಾರ್ಬನ್ ಡೈಆಕ್ಸೈಡ್ ಕ್ಷಾರಗಳಲ್ಲಿ, ಅಮೀನ್‌ಗಳಲ್ಲಿ ಎಷ್ಟು ವೇಗವಾಗಿ ಕ್ರಿಯೆ ನಡೆಸುತ್ತದೆ, ಯಾವ ಯಾವ ಅಯಾನುಗಳು ಆ ವೇಗವನ್ನು ಹೆಚ್ಚಿಸುತ್ತವೆ, ಕಾರ್ಬೊನಿಲ್ ಸಲ್ಫೈಡ್ ಅದಕ್ಕಿಂತ ಎಷ್ಟು ನಿಧಾನ ಎಂಬ ಅಂಕಿಗಳನ್ನು ಒಂದೊಂದಾಗಿ ಕಟ್ಟಿದರು. 1966ರಲ್ಲಿ ಗುರುಶಿಷ್ಯರಿಬ್ಬರೂ ಸೇರಿ ಬರೆದ ವಿಮರ್ಶಾ ಲೇಖನ ಅನಿಲ ಶುದ್ಧೀಕರಣ ಘಟಕ ವಿನ್ಯಾಸ ಮಾಡುವವರ ಕೈಪಿಡಿಯಂತಾಯಿತು.

ಈ ಅಂಕಿಗಳೇ ಮುಂದೆ ಅಳತೆಗೋಲಾದದ್ದು. ತರ್ಕ ಹೀಗಿದೆ. ಕ್ರಿಯೆ ಸಾಕಷ್ಟು ವೇಗವಾಗಿದ್ದರೆ ಅನಿಲದ ಅಣುಗಳು ಮೇಲ್ಮೈ ದಾಟಿದ ಕೂಡಲೇ, ದ್ರವದ ಒಡಲು ಸೇರುವ ಮೊದಲೇ, ತೀರಿಹೋಗುತ್ತವೆ. ಆಗ ಪ್ರತಿ ಚದರ ಮೀಟರಿಗೆ ಹೀರಿಕೆಯ ದರ ಕಲಕುವಿಕೆಯನ್ನು ಅವಲಂಬಿಸುವುದೇ ಇಲ್ಲ. ವಿಸರಣ ಗುಣಾಂಕ (ಅನಿಲದ ಅಣುಗಳು ದ್ರವದಲ್ಲಿ ಎಷ್ಟು ಬೇಗ ಹರಡುತ್ತವೆ ಎಂಬ ಅಂಕಿ), ಕ್ರಿಯೆಯ ದರಾಂಕ (ಕ್ರಿಯೆಯ ವೇಗ ಹೇಳುವ ಅಂಕಿ), ಕ್ಷಾರದ ಸಾಂದ್ರತೆ, ಈ ಮೂರರ ಗುಣಲಬ್ಧದ ವರ್ಗಮೂಲವನ್ನು ಅನಿಲದ ಕರಗುವಿಕೆಯಿಂದ ಗುಣಿಸಿದರೆ ಆ ದರ ಸಿಕ್ಕಿಬಿಡುತ್ತದೆ. ಇವೆಲ್ಲ ಪ್ರಯೋಗಾಲಯದಲ್ಲಿ ಮೊದಲೇ ಗೊತ್ತಾದವು. ಕಾಲಮ್ಮಿನಲ್ಲಿ ಒಟ್ಟು ಎಷ್ಟು ಅನಿಲ ಹೀರಲ್ಪಟ್ಟಿತು ಎಂದು ನೋಡಿ, ಈ ದರದಿಂದ ಭಾಗಿಸಿದರೆ ಒಳಗಿರುವ ಎಲ್ಲ ಗುಳ್ಳೆಗಳ ಒಟ್ಟು ಮೈ ಲೆಕ್ಕಕ್ಕೆ ಬಂತು. ಕ್ಯಾಮೆರಾ ಬೇಡ, ಗಾಜಿನ ಗೋಡೆ ಬೇಡ, ಉಕ್ಕಿನ ಕಾಲಮ್ ಆದರೂ ಸರಿ.

1964ರಲ್ಲಿ ಶರ್ಮಾ ಮರಳಿದ ಯುಡಿಸಿಟಿಗೆ ಇದು ಹೇಳಿ ಮಾಡಿಸಿದ ವಿಧಾನ. 1933ರಲ್ಲಿ ಶುರುವಾದ ಬಾಂಬೆ ವಿಶ್ವವಿದ್ಯಾಲಯದ ಈ ರಾಸಾಯನಿಕ ತಂತ್ರಜ್ಞಾನ ವಿಭಾಗ ಇರುವುದು ಮಾಟುಂಗದಲ್ಲಿ. ಮುಂಬೈ ಕನ್ನಡಿಗರಿಗೆ ಮಾಟುಂಗ ಅಂದರೆ ಮೈಸೂರು ಅಸೋಸಿಯೇಷನ್ ಮತ್ತು ಉಡುಪಿ ಊಟ. ಕೆಮಿಕಲ್ ಎಂಜಿನಿಯರುಗಳಿಗೆ ಯುಡಿಸಿಟಿ. ವಿದೇಶಿ ವಿನಿಮಯ ಇಲ್ಲದೆ ದೊಡ್ಡ ಉಪಕರಣ ತರಿಸುವುದು ದುಸ್ತರವಾಗಿದ್ದ ಕಾಲ ಅದು. ಈ ವಿಧಾನಕ್ಕೆ ಬೇಕಾದದ್ದು ಗಾಜಿನ ಕೊಳವೆ, ಅನಿಲದ ಹರಿವು ಅಳೆಯುವ ರೋಟಾಮೀಟರ್, ಬ್ಯುರೆಟ್ಟು ಮತ್ತು ದರಾಂಕಗಳ ಮೇಲೆ ಹಿಡಿತ. ಮೊದಲ ಮೂರು ಎಲ್ಲ ಕಡೆ ಇದ್ದವು. ನಾಲ್ಕನೆಯದು ಶರ್ಮಾ ಅವರ ಬಳಿ ಇತ್ತು.

ಆದರೆ ಪುಸ್ತಕದಲ್ಲಿ ಓದಿದಷ್ಟು ಸಲೀಸಾಗಿ ಇದು ನಡೆಯುವುದಿಲ್ಲ. ನಮ್ಮ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಮಾಡಹೊರಡುವವರಿಗಾಗಿ ಒಂದು ಲೆಕ್ಕವನ್ನು ಪೂರ್ತಿ ಬಿಡಿಸುತ್ತೇನೆ, ಏಕೆಂದರೆ ಎಲ್ಲಿ ಎಡವುತ್ತಾರೆ ಎಂಬುದು ಅಂಕಿಗಳಲ್ಲೇ ಕಾಣುತ್ತದೆ.

10 ಸೆಂಟಿಮೀಟರ್ ವ್ಯಾಸದ ಕಾಲಮ್, ಗುಳ್ಳೆ ಸಮೇತ ಎತ್ತರ 1 ಮೀಟರ್, ಅಂದರೆ ಗಾತ್ರ 7.85 ಲೀಟರ್. ಖಾಲಿ ಕೊಳವೆಯ ಲೆಕ್ಕದಲ್ಲಿ ಅನಿಲದ ವೇಗ ಸೆಕೆಂಡಿಗೆ 5 ಸೆಂಟಿಮೀಟರ್. ದ್ರವ 1 ಮೋಲಾರ್ ಕಾಸ್ಟಿಕ್ ಸೋಡ. ಮೊದಲ ತಪ್ಪು ಶುದ್ಧ ಕಾರ್ಬನ್ ಡೈಆಕ್ಸೈಡ್ ಊದುವುದು. 25 ಡಿಗ್ರಿಯಲ್ಲಿ ನೀರಿನಲ್ಲಿ ಅದರ ಕರಗುವಿಕೆ ಲೀಟರಿಗೆ ಸುಮಾರು 0.034 ಮೋಲ್. ಪ್ರತಿ ಅಣುವಿಗೆ ಎರಡು ಹೈಡ್ರಾಕ್ಸೈಡ್ ಬೇಕು. ಕ್ಷಾರವು ಮೇಲ್ಮೈಗೆ ಬಂದು ಸೇರುವ ವೇಗವೇ ಇಲ್ಲಿ ಮಿತಿಯಾಗುತ್ತದೆ: ಹೀರಿಕೆ ಬರೀ ಕರಗುವಿಕೆಗಿಂತ ಸುಮಾರು 16 ಪಟ್ಟಿಗಿಂತ ಹೆಚ್ಚಾಗಲು ಸಾಧ್ಯವೇ ಇಲ್ಲ. ಕ್ರಿಯೆಯ ವೇಗವಾದರೋ 20 ಪಟ್ಟು ಮೀರಿ ಎಳೆಯುತ್ತಿರುತ್ತದೆ. ಹೀಗಾಗಿ ಮೇಲ್ಮೈಯಲ್ಲಿ ಕ್ಷಾರವೇ ಬರಿದಾಗಿ, ಅಳತೆ ಮತ್ತೆ ಕಲಕುವಿಕೆಯ ಹಿಡಿತಕ್ಕೆ ಬೀಳುತ್ತದೆ. ಉತ್ತರವಾಗಿ ಬರುವ ವಿಸ್ತೀರ್ಣ ನಿಜಕ್ಕಿಂತ ಕಡಿಮೆ.

ಇದನ್ನು ತಪ್ಪಿಸಲು ಗಾಳಿ ಬೆರೆಸಿ 5 ಪ್ರತಿಶತಕ್ಕೆ ಇಳಿಸಿದರೆ? ಕ್ಷಾರ ಬರಿದಾಗುವ ಕಾಟ ಹೋಯಿತು. ಈಗ ಇನ್ನೊಂದು ಕಾಟ. ದರಾಂಕ ಸೆಕೆಂಡಿಗೆ, ಮೋಲಾರ್ ಒಂದಕ್ಕೆ, 10,000ದ ಆಸುಪಾಸು. ಮೇಲೆ ಹೇಳಿದ ಮೂರರ ಗುಣಲಬ್ಧದ ವರ್ಗಮೂಲ ತೆಗೆದರೆ ಸೆಕೆಂಡಿಗೆ ಸುಮಾರು 4.4 ಮಿಲಿಮೀಟರ್. ವಿಸ್ತೀರ್ಣ ಘನ ಮೀಟರಿಗೆ 150 ಚದರ ಮೀಟರ್ ಎಂದಿಟ್ಟುಕೊಂಡರೂ ಕಾಲಮ್ಮಿನ ಹೀರುವ ಸಾಮರ್ಥ್ಯ ಒಳಬರುವ ಕಾರ್ಬನ್ ಡೈಆಕ್ಸೈಡಿನ ಎಂಟು ಪಟ್ಟು. ಅಂದರೆ ಮೊದಲ ಹತ್ತಿಪ್ಪತ್ತು ಸೆಂಟಿಮೀಟರಿನಲ್ಲೇ ಬಹುಪಾಲು ಮುಗಿದುಹೋಗಿ, ಉಳಿದ ಎತ್ತರದಲ್ಲಿ ಗುಳ್ಳೆಗಳು ಬರೀ ಗಾಳಿ ಹೊತ್ತು ಏರುತ್ತವೆ. ಮೇಲೆ ಹೊರಬರುವ ಅನಿಲದಲ್ಲಿ ಮೂಲದ ಸಾವಿರದಲ್ಲೊಂದು ಪಾಲೂ ಇಲ್ಲ. ಆ ಚೂರನ್ನು ಅಳೆದು ಲಾಗರಿದಮ್ ತೆಗೆದು ವಿಸ್ತೀರ್ಣ ಲೆಕ್ಕ ಹಾಕಿದವರ ಉತ್ತರ ಅನಿಲ ವಿಶ್ಲೇಷಕದ ದೋಷವನ್ನು ಅಳೆಯುತ್ತದೆಯೇ ಹೊರತು ಗುಳ್ಳೆಯನ್ನಲ್ಲ. ಪ್ರಬಂಧಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇದೇ ಎಂದು ನನಗನಿಸುತ್ತದೆ.

ಸರಿಯಾದ ದಾರಿ: ಕಾಸ್ಟಿಕ್ 0.1 ಮೋಲಾರ್, ಕಾರ್ಬನ್ ಡೈಆಕ್ಸೈಡ್ 1 ಪ್ರತಿಶತ, ಗುಳ್ಳೆ ಸಮೇತ ಎತ್ತರ 30 ಸೆಂಟಿಮೀಟರ್. ಆಗ ವರ್ಗಮೂಲ ಸೆಕೆಂಡಿಗೆ 1.3 ಮಿಲಿಮೀಟರ್. ಮಾಸ್ ಟ್ರಾನ್ಸ್‌ಫರ್ ಗುಣಾಂಕ ಸೆಕೆಂಡಿಗೆ 0.2 ಮಿಲಿಮೀಟರ್ ಅಂದುಕೊಂಡರೆ ಇವೆರಡರ ಅನುಪಾತ, ಅಂದರೆ ಹಟ್ಟಾ ಸಂಖ್ಯೆ, ಆರೂವರೆ. 3 ದಾಟಿದರೆ ವೇಗದ ಕ್ರಿಯೆ ಎಂದು ಲೆಕ್ಕ, ಆದ್ದರಿಂದ ಮೊದಲ ಷರತ್ತು ಪೂರೈಸಿತು. ಕ್ಷಾರ ಬರಿದಾಗುವ ಮಿತಿ, ಶುದ್ಧ ಅನಿಲದಲ್ಲಿ 16 ಇದ್ದದ್ದು, ಈಗ 150ರ ಹತ್ತಿರ; ಆರೂವರೆ ಅದಕ್ಕಿಂತ ಎಷ್ಟೋ ಕೆಳಗಿದೆ, ಎರಡನೆಯ ಷರತ್ತೂ ಪೂರೈಸಿತು. ಹೊರಬರುವ ಅನಿಲದಲ್ಲಿ ಮೂಲದ ಸುಮಾರು 40 ಪ್ರತಿಶತ ಉಳಿದಿರುತ್ತದೆ, ನೆಮ್ಮದಿಯಾಗಿ ಅಳೆಯಬಹುದು.

ಇಲ್ಲೂ ಒಂದು ಮುಳ್ಳಿದೆ. ಕಾಲಮ್ಮಿನಲ್ಲಿ ಈಗ ಇರುವುದು 2 ಲೀಟರ್ ದ್ರವ, 0.2 ಮೋಲ್ ಕ್ಷಾರ. ಸೆಕೆಂಡಿಗೆ 0.0002 ಮೋಲ್ ಖರ್ಚಾಗುತ್ತಿದೆ. 100 ಸೆಕೆಂಡಿನಲ್ಲಿ ಹತ್ತನೇ ಒಂದು ಪಾಲು ಹೋಯಿತು. ವರ್ಗಮೂಲದ ದಯೆಯಿಂದ ದರದಲ್ಲಿ ಅದರ ಪರಿಣಾಮ 5 ಪ್ರತಿಶತ ಮಾತ್ರ. ಎರಡು ನಿಮಿಷದೊಳಗೆ ಪ್ರಯೋಗ ಮುಗಿಸಬೇಕು, ಇಲ್ಲವೇ ಹೊಸ ಕಾಸ್ಟಿಕ್ಕನ್ನು ಸತತವಾಗಿ ಹರಿಸುತ್ತಿರಬೇಕು. ಹತ್ತು ನಿಮಿಷ ಊದಿ ಸರಾಸರಿ ತೆಗೆಯುವುದು ಸರಿಯಲ್ಲ.

ಟೈಟ್ರೇಷನ್‌ನಲ್ಲಿ ಗಮನಿಸಬೇಕಾದ್ದು: ನೇರವಾಗಿ ಆಮ್ಲ ಹಾಕಿದರೆ ಕಾರ್ಬೊನೇಟ್ ಕೂಡ ಆಮ್ಲ ಕುಡಿಯುತ್ತದೆ. ಮಾದರಿಗೆ ಮೊದಲು ಬೇರಿಯಂ ಕ್ಲೋರೈಡ್ ಹೆಚ್ಚಾಗಿ ಹಾಕಿ ಕಾರ್ಬೊನೇಟನ್ನು ಬಿಳಿ ಚರಟವಾಗಿ ಕೂರಿಸಬೇಕು. ಆಮೇಲೆ ಫಿನಾಲ್‌ಫ್ತಲೀನ್ ಎಂಬ ಬಣ್ಣಸೂಚಕ ಹಾಕಿ ಹೈಡ್ರೊಕ್ಲೋರಿಕ್ ಆಮ್ಲ ಬಿಟ್ಟರೆ ಉಳಿದ ಕಾಸ್ಟಿಕ್ ಎಷ್ಟೆಂದು ಸಿಗುತ್ತದೆ. ಮೀಥೈಲ್ ಆರೆಂಜ್ ಸೂಚಕ ಇಲ್ಲಿ ಕೂಡದು, ಅದರ ಬಣ್ಣ ತಿರುಗುವಷ್ಟರಲ್ಲಿ ಚರಟವೂ ಕರಗಿರುತ್ತದೆ. ಡಬ್ಬಿ ತೆರೆದಿಟ್ಟ ಹಳೆಯ ಕಾಸ್ಟಿಕ್ ಬಳಸಿದರೆ ಆರಂಭದಲ್ಲೇ ಕಾರ್ಬೊನೇಟ್ ಇರುತ್ತದೆ. ಶೂನ್ಯ ಸಮಯದ ಮಾದರಿ ತೆಗೆಯದೆ ಪ್ರಯೋಗ ಶುರುಮಾಡಬಾರದು.

ಕರಗುವಿಕೆಯ ತಿದ್ದುಪಡಿಯನ್ನು ಮರೆಯುವವರೂ ಇದ್ದಾರೆ. ಉಪ್ಪು ಅಥವಾ ಕ್ಷಾರ ಇರುವ ನೀರಿನಲ್ಲಿ ಅನಿಲ ಕಡಿಮೆ ಕರಗುತ್ತದೆ. 1 ಮೋಲಾರ್ ಕಾಸ್ಟಿಕ್‌ನಲ್ಲಿ ಕಾರ್ಬನ್ ಡೈಆಕ್ಸೈಡಿನ ಕರಗುವಿಕೆ ಶುದ್ಧ ನೀರಿನದ್ದಕ್ಕಿಂತ ಕಾಲು ಪಾಲಿಗಿಂತಲೂ ಹೆಚ್ಚು ಇಳಿಯುತ್ತದೆ. 0.1 ಮೋಲಾರ್‌ನಲ್ಲಿ 3 ಪ್ರತಿಶತ ಮಾತ್ರ. ದರಾಂಕವೂ ಅಯಾನುಗಳ ಸಾಂದ್ರತೆಯ ಜೊತೆ ಏರುತ್ತದೆ. ದುರ್ಬಲ ದ್ರಾವಣದ ಅಂಕಿಯನ್ನು ಸಾಂದ್ರ ದ್ರಾವಣಕ್ಕೆ ಹಾಗೇ ಎತ್ತಿ ಹಾಕಿದರೆ ಎರಡು ತಪ್ಪುಗಳು ವಿರುದ್ಧ ದಿಕ್ಕಿನಲ್ಲಿ ಎಳೆದು, ಉತ್ತರ ಅಕಸ್ಮಾತ್ ಸರಿ ಕಂಡರೂ ಕಾಣಬಹುದು. ಅದು ಇನ್ನೂ ಅಪಾಯ.

ಆಮ್ಲಜನಕದ ಹೀರಿಕೆ ಅಳೆಯಬೇಕಾದರೆ ಸೋಡಿಯಂ ಸಲ್ಫೈಟ್ ವಿಧಾನ. ಸುಮಾರು 0.8 ಮೋಲಾರ್ ಸಲ್ಫೈಟ್, ಪಿಎಚ್ 8ರ ಸುತ್ತ, ವೇಗವರ್ಧಕವಾಗಿ ಅತ್ಯಲ್ಪ ಕೋಬಾಲ್ಟ್ ಸಲ್ಫೇಟ್. ಆಮ್ಲಜನಕ ನೀರಿನಲ್ಲಿ ಕರಗುವುದೇ ಕಡಿಮೆಯಾದ್ದರಿಂದ ಗುಳ್ಳೆ ಬರಿದಾಗುವ ಸಮಸ್ಯೆ ಇಲ್ಲಿ ಅಷ್ಟಾಗಿ ಕಾಡುವುದಿಲ್ಲ, ಉದ್ದದ ಕಾಲಮ್ಮನ್ನೂ ಅಳೆಯಬಹುದು. ಕೋಬಾಲ್ಟ್ ಸಾಂದ್ರತೆ ಬದಲಿಸಿದರೆ ಕ್ರಿಯೆಯ ವೇಗವನ್ನು ಬೇಕಾದಲ್ಲಿಗೆ ತಿರುಗಿಸಿಟ್ಟುಕೊಳ್ಳಬಹುದು ಎಂಬುದು ದೊಡ್ಡ ಲಾಭ. ಆದರೆ ಇದು ಮುನಿಸಿನ ಕ್ರಿಯೆ. ತಾಮ್ರ ಅಥವಾ ಕಬ್ಬಿಣದ ಅಯಾನು ಚೂರು ಬೆರೆತರೂ, ಸಲ್ಫೈಟಿನ ಬ್ರ್ಯಾಂಡ್ ಬದಲಾದರೂ, ಪಿಎಚ್ ಅರ್ಧ ಅಂಕಿ ಸರಿದರೂ ದರ ಬದಲಾಗುತ್ತದೆ. ಆದ್ದರಿಂದ ಪ್ರಕಟಿತ ದರಾಂಕ ನಂಬುವಂತಿಲ್ಲ. ಅದೇ ಡ್ರಮ್ಮಿನ ದ್ರಾವಣವನ್ನು ಮೊದಲು ಮೇಲ್ಮೈ ಗೊತ್ತಿರುವ ಸಾಧನದಲ್ಲಿ, ಅಂದರೆ ಚಪ್ಪಟೆ ಮೇಲ್ಮೈಯ ಕಲಕು ಪಾತ್ರೆಯಲ್ಲೋ ಕಲಕದೆ ನೆಟ್ಟಗೆ ಬೀಳುವ ದ್ರವದ ಧಾರೆಯಾದ ಲ್ಯಾಮಿನಾರ್ ಜೆಟ್ಟಿನಲ್ಲೋ, ಅಳೆದುಕೊಂಡು ಆಮೇಲೆ ಕಾಲಮ್ಮಿಗೆ ಹೋಗಬೇಕು. ಶರ್ಮಾ ಅವರ ಗುಂಪಿನ ಲೇಖನಗಳಲ್ಲಿ ಇಂಥ ಮಾದರಿ ಸಾಧನಗಳ ಪ್ರಸ್ತಾಪ ಮತ್ತೆ ಮತ್ತೆ ಬರುವುದು ಇದೇ ಕಾರಣಕ್ಕೆ.

ವಿಸ್ತೀರ್ಣ ಮತ್ತು ಗುಣಾಂಕ ಎರಡೂ ಒಂದೇ ಸರಣಿ ಪ್ರಯೋಗದಲ್ಲಿ ಬೇಕೆಂದರೆ ಡ್ಯಾಂಕ್‌ವರ್ಟ್ಸ್ ಪ್ಲಾಟ್. ಸೋಡಿಯಂ ಕಾರ್ಬೊನೇಟ್ ಮತ್ತು ಬೈಕಾರ್ಬೊನೇಟ್ ಬಫರಿನಲ್ಲಿ ಕಾರ್ಬನ್ ಡೈಆಕ್ಸೈಡಿನ ಕ್ರಿಯೆ ನಿಧಾನ. ಆರ್ಸೆನೈಟ್ ಅಥವಾ ಹೈಪೊಕ್ಲೋರೈಟ್ ಸೇರಿಸುತ್ತಾ ಹೋದಂತೆ ವೇಗ ಏರುತ್ತದೆ. ಪ್ರತಿ ಹಂತದಲ್ಲೂ ಹೀರಿಕೆಯ ದರವನ್ನು ಕರಗುವಿಕೆಯಿಂದ ಭಾಗಿಸಿ ವರ್ಗ ಮಾಡಿ ಲಂಬ ಅಕ್ಷದಲ್ಲಿ, ವಿಸರಣ ಗುಣಾಂಕ ಮತ್ತು ದರಾಂಕದ ಗುಣಲಬ್ಧವನ್ನು ಅಡ್ಡ ಅಕ್ಷದಲ್ಲಿ ಇಡಿ. ಸರಳರೇಖೆ ಬರುತ್ತದೆ. ಅದರ ಓರೆ ವಿಸ್ತೀರ್ಣದ ವರ್ಗ, ಲಂಬ ಅಕ್ಷ ಕಡಿಯುವ ಬಿಂದು ಗುಣಾಂಕ ಮತ್ತು ವಿಸ್ತೀರ್ಣಗಳ ಗುಣಲಬ್ಧದ ವರ್ಗ. ಹಟ್ಟಾ ಸಂಖ್ಯೆ 0.3ರಿಂದ 3ರ ನಡುವೆ ಹರಡಿರುವಂತೆ ವೇಗವರ್ಧಕ ಹಾಕಬೇಕು. ಎಲ್ಲವೂ ಒಂದೇ ತುದಿಯಲ್ಲಿ ಗುಂಪುಗೂಡಿದರೆ ಓರೆಯನ್ನೋ ಕಡಿತವನ್ನೋ ನಂಬುವಂತಿಲ್ಲ. ಎಲ್ಲ ಹಂತಗಳಲ್ಲೂ ಒಟ್ಟು ಅಯಾನು ಸಾಂದ್ರತೆ, ಕಾರ್ಬೊನೇಟ್ ಬೈಕಾರ್ಬೊನೇಟ್ ಅನುಪಾತ ಒಂದೇ ಇರಬೇಕು. ಇಲ್ಲದಿದ್ದರೆ ಗುಳ್ಳೆಯ ಗಾತ್ರವೇ ಹಂತದಿಂದ ಹಂತಕ್ಕೆ ಬದಲಾಗಿ ರೇಖೆ ಬಾಗುತ್ತದೆ. ಆರ್ಸೆನೈಟ್ ವಿಷ, ಇಂದು ಕಾಲೇಜಿನಲ್ಲಿ ಅದನ್ನು ಮುಟ್ಟುವ ಅಗತ್ಯವಿಲ್ಲ. ಹೈಪೊಕ್ಲೋರೈಟ್ ಸಾಕು, ಆದರೆ ಬಿಸಿಲು ಮತ್ತು ಲೋಹದ ಚೂರು ಅದನ್ನು ಒಡೆಯುತ್ತವೆ, ಪ್ರತಿ ಬಾರಿ ಹೊಸದಾಗಿ ಟೈಟ್ರೇಟ್ ಮಾಡಿಕೊಳ್ಳಬೇಕು.

ಈ ವಿಧಾನದ ಮೇಲೆ ಒಂದು ನ್ಯಾಯವಾದ ಆಕ್ಷೇಪ ಇದೆ. ಲೀಟರಿಗೆ ಸ್ವಲ್ಪ ಉಪ್ಪು ಬಿದ್ದರೂ ಗುಳ್ಳೆಗಳು ಕೂಡಿಕೊಳ್ಳುವುದು ಕಡಿಮೆಯಾಗುತ್ತದೆ, ಸಣ್ಣವಾಗಿಯೇ ಉಳಿಯುತ್ತವೆ. ಕಾಸ್ಟಿಕ್‌ನಲ್ಲೋ ಸಲ್ಫೈಟಿನಲ್ಲೋ ಅಳೆದ ವಿಸ್ತೀರ್ಣವನ್ನು ಶುದ್ಧ ನೀರಿಗೆ ಅಥವಾ ಸಾವಯವ ದ್ರವಕ್ಕೆ ಒಯ್ದರೆ ಹೆಚ್ಚಾಗಿ ಕಾಣುತ್ತದೆ. ಒಳಗೆ ಸಣ್ಣ ತುಂಡುಗಳನ್ನು (ಪ್ಯಾಕಿಂಗ್) ತುಂಬಿ ಅವುಗಳ ಮೇಲೆ ದ್ರವ ಹರಿಸುವ ಪ್ಯಾಕ್ಡ್ ಕಾಲಮ್ಮಿನಲ್ಲಿ ಇನ್ನೊಂದು ತೊಡಕು: ಪ್ಯಾಕಿಂಗಿನ ಸಂದಿಗಳಲ್ಲಿ ನಿಂತ ದ್ರವದ ಮೈ ವೇಗದ ಕ್ರಿಯೆಗೆ ಪೂರ್ತಿ ಲೆಕ್ಕಕ್ಕೆ ಬರುತ್ತದೆ, ಬರೀ ಕರಗುವಿಕೆಯಲ್ಲಿ ಆ ದ್ರವ ಬೇಗ ತುಂಬಿಕೊಂಡು ನಿಷ್ಕ್ರಿಯವಾಗುತ್ತದೆ. ಒಂದೇ ಕಾಲಮ್, ಎರಡು ವಿಸ್ತೀರ್ಣ. ಎರಡೂ ನಿಜ. ನಿಮ್ಮ ಕಾರ್ಖಾನೆಯ ಕ್ರಿಯೆ ಯಾವ ವರ್ಗದ್ದೋ ಅದೇ ವರ್ಗದ ಮಾದರಿ ಕ್ರಿಯೆಯಲ್ಲಿ ಅಳೆಯಿರಿ ಎಂಬುದು ಇದರ ಪ್ರಾಯೋಗಿಕ ಅರ್ಥ.

ಹೀಗೆ ಕ್ರಿಯೆಗಳನ್ನು ತೀರ ನಿಧಾನ, ನಿಧಾನ, ವೇಗ, ತತ್‌ಕ್ಷಣ ಎಂದು ನಾಲ್ಕು ವರ್ಗಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಯಾವ ಸಾಧನ ಸೂಕ್ತ ಎಂದು ನೋಡುವ ಕ್ರಮವನ್ನು ಶರ್ಮಾ, ಎಲ್. ಕೆ. ದೊರೈಸ್ವಾಮಿ ಅವರ ಜೊತೆ 1984ರಲ್ಲಿ ತಂದ ಎರಡು ಸಂಪುಟಗಳ ಗ್ರಂಥದಲ್ಲಿ ನೆಲೆಗೊಳಿಸಿದರು. ದೊರೈಸ್ವಾಮಿ ಆಗ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕರು. ಕ್ರಿಯೆ ತೀರ ನಿಧಾನವಾಗಿದ್ದರೆ ದ್ರವ ಹೆಚ್ಚು ಹಿಡಿಯುವ ಬಬಲ್ ಕಾಲಮ್ ಸಾಕು, ಕಲಕು ಯಂತ್ರಕ್ಕೆ ವಿದ್ಯುತ್ ಸುರಿಯುವುದು ದಂಡ. ವೇಗವಾಗಿದ್ದರೆ ಮೇಲ್ಮೈ ಹೆಚ್ಚಿಸುವ ಸಾಧನ ಬೇಕು. ಕಾರ್ಖಾನೆಯಲ್ಲಿ 'ರಿಯಾಕ್ಷನ್ ನಿಧಾನ, ತಾಪ ಏರಿಸಿ' ಎಂಬ ಮಾತು ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ, ಕಲಕುವ ವೇಗ ದುಪ್ಪಟ್ಟು ಮಾಡಿದರೆ ದರ ಏರುತ್ತದೆಯೇ ಎಂಬುದು. ಏರಿದರೆ ರಸಾಯನಶಾಸ್ತ್ರದ್ದಲ್ಲ ತಪ್ಪು.

ಸುಣ್ಣದ ಹಾಲಿಗೆ ಕಾರ್ಬನ್ ಡೈಆಕ್ಸೈಡ್ ಊದಿ ನುಣುಪಾದ ಕ್ಯಾಲ್ಸಿಯಂ ಕಾರ್ಬೊನೇಟ್ ತಯಾರಿಸುವುದು ಇದಕ್ಕೆ ಒಳ್ಳೆಯ ಉದಾಹರಣೆ. ಟೂತ್‌ಪೇಸ್ಟಿಗೂ ಕಾಗದಕ್ಕೂ ಹೋಗುವ ಪುಡಿ ಅದು. ವಿ. ಎ. ಜುವೇಕರ್ ಜೊತೆ 1973ರಲ್ಲಿ ಶರ್ಮಾ ಇದನ್ನು ಬಿಡಿಸಿ ಬರೆದರು. ಸುಣ್ಣ ನೀರಿನಲ್ಲಿ ಕರಗುವುದು ಲೀಟರಿಗೆ 0.02 ಮೋಲ್ ಅಷ್ಟೇ. ಹಾಗಾಗಿ ಹೀರಿಕೆ ಕುಂಟುತ್ತಾ ಸಾಗಬೇಕು. ಆದರೆ ಗುಳ್ಳೆಯ ಸುತ್ತಲಿನ ದ್ರವ ಪದರದ ದಪ್ಪ ಸುಮಾರು 10ರಿಂದ 20 ಮೈಕ್ರಾನ್. ಸುಣ್ಣದ ಕಣಗಳು ಅದಕ್ಕಿಂತ ಸಾಕಷ್ಟು ಸಣ್ಣವಿದ್ದರೆ ಪದರದ ಒಳಗೇ ಕರಗುತ್ತಾ ಕ್ಷಾರವನ್ನು ಅಲ್ಲೇ ಪೂರೈಸುತ್ತವೆ, ಹೀರಿಕೆ ಏರುತ್ತದೆ. ಕಣಗಳು 50 ಮೈಕ್ರಾನ್ ಇದ್ದರೆ ಪದರದ ಒಳಗೆ ಹಿಡಿಸುವುದೇ ಇಲ್ಲ. ಸುಣ್ಣ ಅರಳಿಸುವಾಗ ತಣ್ಣೀರು ಹಾಕಿ ಒರಟು ಹಾಲು ಮಾಡಿಟ್ಟು, ಆಮೇಲೆ ಊದುವ ಯಂತ್ರದ ಮೇಲೆ ತಪ್ಪು ಹೊರಿಸುವುದು ಇಲ್ಲಿನ ಮಾಮೂಲಿ ಎಡವಟ್ಟು.

ಅಳತೆಯ ಆಚೆಗೆ ಶರ್ಮಾ ಇದೇ ಯೋಚನೆಯನ್ನು ಬೇರ್ಪಡಿಸುವಿಕೆಗೆ ಹೊರಳಿಸಿದ್ದು 1980ರ ಸುಮಾರಿಗೆ. ಒಂದೇ ಅಣುಸೂತ್ರದ ಎರಡು ರೂಪಗಳಾದ ಮೆಟಾ ಕ್ರೆಸಾಲ್ ಮತ್ತು ಪ್ಯಾರಾ ಕ್ರೆಸಾಲ್ ಎರಡೂ ಕುದಿಯುವುದು 202 ಡಿಗ್ರಿಯ ಹತ್ತಿರ. ಬಟ್ಟಿ ಇಳಿಸಿ ಬೇರ್ಪಡಿಸಲು ಸಾಧ್ಯವೇ ಇಲ್ಲ. ಆದರೆ ಮೆಟಾ ತುಸು ಬಲವಾದ ಆಮ್ಲ. ಆಮ್ಲದ ಬಲ ಸೂಚಿಸುವ ಪಿಕೆಎ ಅಂಕಿಯಲ್ಲಿ 0.2ಕ್ಕಿಂತ ಕಡಿಮೆ ವ್ಯತ್ಯಾಸ. ಮಿಶ್ರಣವನ್ನು ಟಾಲುಯಿನ್‌ನಂಥ ದ್ರಾವಕದಲ್ಲಿ ಕರಗಿಸಿ, ಎರಡಕ್ಕೂ ಸಾಲದಷ್ಟು ಕಾಸ್ಟಿಕ್ ನೀರಿನ ಜೊತೆ ಕಲಕಿದರೆ ಇಬ್ಬರೂ ಕ್ಷಾರಕ್ಕೆ ಪೈಪೋಟಿ ನಡೆಸಿ, ಮೆಟಾ ಹೆಚ್ಚು ಪಾಲು ಗೆದ್ದು ಲವಣವಾಗಿ ನೀರಿಗೆ ಇಳಿಯುತ್ತದೆ. ಒಂದು ಹಂತದಲ್ಲಿ ಸಿಗುವ ಬೇರ್ಪಡಿಕೆ ಒಂದೂವರೆ ಪಟ್ಟಿನ ಆಸುಪಾಸು, ಆದ್ದರಿಂದ ಎದುರು ಹರಿವಿನಲ್ಲಿ ಹಲವು ಹಂತ ಬೇಕು. ಕಾಸ್ಟಿಕ್ ಹೆಚ್ಚಾಗಿ ಹಾಕಿದಿರೋ ಎರಡೂ ನೀರಿಗೆ ಇಳಿದು ಆಟ ಮುಗಿಯಿತು. ನೀರಿನಿಂದ ಕ್ರೆಸಾಲನ್ನು ವಾಪಸ್ ಪಡೆಯಲು ಹೈಡ್ರೊಕ್ಲೋರಿಕ್ ಆಮ್ಲ ಹಾಕಿದರೆ ಕಿಲೋ ಕ್ರೆಸಾಲಿಗೆ ಅರ್ಧ ಕಿಲೋಗಿಂತ ಹೆಚ್ಚು ಉಪ್ಪು ತ್ಯಾಜ್ಯವಾಗುತ್ತದೆ. ಈ ವಿಧಾನವನ್ನು ಕೊಲ್ಲುವುದು ಈ ಉಪ್ಪೇ. ಕ್ರೆಸಾಲ್ ದುರ್ಬಲ ಆಮ್ಲವಾದ್ದರಿಂದ ಕಾರ್ಬನ್ ಡೈಆಕ್ಸೈಡ್ ಊದಿದರೂ ಹೊರಬರುತ್ತದೆ. ಉಳಿದ ಸೋಡಾವನ್ನು ಸುಣ್ಣದಿಂದ ಮತ್ತೆ ಕಾಸ್ಟಿಕ್ ಮಾಡಿಕೊಳ್ಳಬಹುದು. ಕಾಸ್ಟಿಕ್ ಬದಲು ದುರ್ಬಲ ಕ್ಷಾರಗಳನ್ನು ಬಳಸುವ ಪ್ರಯತ್ನಗಳೂ ವಿ. ಜಿ. ಗೈಕರ್ ಮೊದಲಾದವರ ಜೊತೆ ನಡೆದವು. ಹೈಡ್ರೊಟ್ರೋಪ್‌ಗಳ (ನೀರಿನಲ್ಲಿ ಕರಗದ ವಸ್ತುಗಳನ್ನು ಕರಗಿಸಲು ನೆರವಾಗುವ ಲವಣಗಳ) ಕೆಲಸವೂ ಇದೇ ಕುಲದ್ದು, ಅದರ ಖರ್ಚೆಲ್ಲ ಕೊನೆಯಲ್ಲಿ ನೀರು ಆವಿ ಮಾಡುವುದರಲ್ಲಿದೆ.

ಯುಡಿಸಿಟಿಯಲ್ಲಿ 1989ರಿಂದ 1997ರವರೆಗೆ ಅವರು ನಿರ್ದೇಶಕರು. ಅವರ ಕೈಕೆಳಗೆ ಪಿಎಚ್‌ಡಿ ಮಾಡಿದವರು ಎಪ್ಪತ್ತರ ಆಸುಪಾಸು. ಆರ್. ಎ. ಮಾಶೆಲ್ಕರ್ 1969ರಲ್ಲಿ ಅವರಲ್ಲಿ ಪಿಎಚ್‌ಡಿ ಮುಗಿಸಿ ಮುಂದೆ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ (ಸಿಎಸ್‌ಐಆರ್) ಮಹಾನಿರ್ದೇಶಕರಾದರು. 1970ರಲ್ಲಿ ಇಬ್ಬರ ಹೆಸರಲ್ಲಿ ಬಂದ ಬಬಲ್ ಕಾಲಮ್ ಲೇಖನ ಮೇಲಿನ ಅಳತೆಯ ಕೆಲಸದ ನೇರ ಫಲ. ಜೆ. ಬಿ. ಜೋಶಿ 1979ರಲ್ಲಿ ಶರ್ಮಾ ಜೊತೆ ಬಬಲ್ ಕಾಲಮ್ಮಿನ ಒಳಗೆ ದ್ರವ ಸುತ್ತುವ ಕೋಶಗಳ ಮಾದರಿ ಕೊಟ್ಟರು, ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದರು. ಜಿ. ಡಿ. ಯಾದವ್ ಕೂಡ ಅದನ್ನು ಮುನ್ನಡೆಸಿದವರು. ಈಗ ಅದರ ಹೆಸರು ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿ.

ಸಣ್ಣ ಕಾರ್ಖಾನೆಗಳಿಗೆ ಶರ್ಮಾ ಅವರ ಕೆಲಸಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಯಾವುದು ಎಂದರೆ ನಾನು ಅಯಾನು ವಿನಿಮಯ ರೆಸಿನ್‌ಗಳನ್ನು ಹೆಸರಿಸುತ್ತೇನೆ. ಎಸ್ಟರಿಕರಣಕ್ಕೂ (ಆಮ್ಲ ಮತ್ತು ಆಲ್ಕೋಹಾಲ್ ಸೇರಿಸಿ ಎಸ್ಟರ್ ಮಾಡುವುದು) ಆಲ್ಕಿಲೀಕರಣಕ್ಕೂ (ಅಣುವಿಗೆ ಇಂಗಾಲದ ಸರಪಳಿ ಜೋಡಿಸುವುದು) ಸಲ್ಫ್ಯೂರಿಕ್ ಆಮ್ಲ ಸುರಿದು, ಕೊನೆಗೆ ಕ್ಷಾರದಿಂದ ತೊಳೆದು, ಆ ಉಪ್ಪುನೀರನ್ನು ಎಲ್ಲಿಗೆ ಬಿಡುವುದೆಂದು ಒದ್ದಾಡುವುದು ಹಳೆಯ ಪದ್ಧತಿ. ಅದರ ಬದಲು ಸಲ್ಫೋನಿಕ್ ಆಮ್ಲದ ಗುಂಪುಗಳಿರುವ ಪಾಲಿಸ್ಟೈರೀನ್ ಮಣಿಗಳನ್ನು ಕಾಲಮ್ಮಿನಲ್ಲಿ ತುಂಬಿ ದ್ರವ ಹಾಯಿಸಿದರೆ ಆಮ್ಲ ಮಣಿಗಳಲ್ಲೇ ಉಳಿಯುತ್ತದೆ, ತೊಳೆಯುವುದೇ ಬೇಡ. ಎ. ಚಕ್ರವರ್ತಿ ಜೊತೆ 1993ರಲ್ಲಿ ಶರ್ಮಾ ಬರೆದ ವಿಮರ್ಶೆ ಈ ರೆಸಿನ್‌ಗಳ ಬಳಕೆಯನ್ನು ಒಂದೆಡೆ ತಂದಿತು.

ರೆಸಿನ್ ಬಳಸುವವರು ಗಮನಿಸಬೇಕಾದವು ಕೆಲವು. ಹೊಸ ರೆಸಿನ್ ಚೀಲದಲ್ಲಿ ಅರ್ಧದಷ್ಟು ತೂಕ ನೀರೇ ಇರುತ್ತದೆ. ಒಣಗಿಸದೆ ತುಂಬಿದರೆ ಎಸ್ಟರಿಕರಣ ಮೊದಲ ದಿನ ಮುಂದೆ ಸರಿಯುವುದಿಲ್ಲ, ರೆಸಿನ್ ಕೆಟ್ಟದ್ದೆಂದು ಸರಬರಾಜುದಾರನಿಗೆ ಫೋನ್ ಹೋಗುತ್ತದೆ. ಸುಮಾರು 120 ಡಿಗ್ರಿ ದಾಟಿಸಿದರೆ ಸಲ್ಫೋನಿಕ್ ಗುಂಪುಗಳು ಕಳಚಿಕೊಂಡು ದ್ರವಕ್ಕೆ ಬರುತ್ತವೆ. ಉತ್ಪನ್ನದಲ್ಲಿ ಆಮ್ಲೀಯತೆ ನಿಧಾನಕ್ಕೆ ಏರುತ್ತಿದ್ದರೆ ಅದರ ಗುರುತು ಅದೇ. ಆಮ್ಲೀಯತೆ ಏರದೆ ದರ ಮಾತ್ರ ಇಳಿಯುತ್ತಿದ್ದರೆ ಪೈಪಿನ ಕಬ್ಬಿಣ ಅಥವಾ ಕಚ್ಚಾವಸ್ತುವಿನ ಸೋಡಿಯಂ ಬಂದು ಹೈಡ್ರೊಜನ್ ಜಾಗದಲ್ಲಿ ಕೂತಿದೆ. ಮೊದಲನೆಯದಕ್ಕೆ ರೆಸಿನ್ ಬದಲಿಸುವುದೊಂದೇ ದಾರಿ. ಎರಡನೆಯದಕ್ಕೆ ದುರ್ಬಲ ಖನಿಜಾಮ್ಲದಲ್ಲಿ ತೊಳೆದು, ತೊಳೆದ ನೀರು ತಟಸ್ಥವಾಗುವವರೆಗೆ ನೀರು ಹಾಯಿಸಿ, ಮತ್ತೆ ಒಣಗಿಸಿದರೆ ಸಾಕು.